ಹೌದು, ನನ್ನ ಲ್ಯಾಪ್‌ಟಾಪ್ ದಪ್ಪಗಿದೆ

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ ಇರುತ್ತದೆ. ಸಿಂಧನೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು, ಅಕ್ಕಿ ಗಿರಣಿಯ ಮಾಲೀಕರು, ಎಂಜಿನಿಯರಿಂಗ್ ಓದುತ್ತಿರುವ ಅವರ ಮಕ್ಕಳು, ಮದುವೆ ಮನೆಯಲ್ಲಿ ಸಿಗುವ ನೆಂಟರು. ನನ್ನ ಚೀಲದಿಂದ ಲ್ಯಾಪ್‌ಟಾಪ್ ಹೊರಗೆ ಬಂದದ್ದೇ ತಡ, ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಕೇಳುತ್ತಾರೆ: “ಇದೇ ಕಸುಬಿನಲ್ಲಿರುವವರು ನೀವು, ನೀವೇ ಏಕೆ ಈ ಇಟ್ಟಿಗೆಯನ್ನು ಹೊತ್ತು ತಿರುಗುತ್ತೀರಿ? ಈಗ ಎಷ್ಟು ತೆಳ್ಳಗಿನವು ಬಂದಿವೆ!”

ಮೊದಮೊದಲು ನಗುತ್ತ ಉತ್ತರ ಕೊಡುತ್ತಿದ್ದೆ. ಈಗ ಆ ನಗು ಉಳಿದಿಲ್ಲ. ಪ್ರಶ್ನೆಗಿಂತ ಹೆಚ್ಚಾಗಿ ಅದನ್ನು ಕೇಳುವ ಧಾಟಿ ನನಗೆ ಸಿಟ್ಟು ತರಿಸುತ್ತದೆ. ಅದರಲ್ಲಿ ಕನಿಕರ ಬೆರೆತಿರುತ್ತದೆ. ಪಾಪ, ಕೊಳ್ಳಲು ಹಣವಿಲ್ಲವೇನೋ, ಇಲ್ಲವೇ ಹೊಸದು ಬಂದಿರುವುದು ಗೊತ್ತಿಲ್ಲವೇನೋ ಎಂಬ ಕನಿಕರ. ಎರಡೂ ಸುಳ್ಳು. ನನ್ನದರ ಬೆಲೆ ಕೇಳುವವರದರ ಬೆಲೆಗಿಂತ ಕಡಿಮೆಯೇನಲ್ಲ. ಹೊಸದೇನು ಬಂದಿದೆ ಎಂದು ತಿಳಿದುಕೊಳ್ಳುವುದು ನನ್ನ ಹೊಟ್ಟೆಪಾಡಿನ ಭಾಗ. ಎಲ್ಲವನ್ನೂ ನೋಡಿ, ಬೇಕೆಂದೇ ದಪ್ಪಗಿನದನ್ನು ಆರಿಸಿಕೊಂಡಿದ್ದೇನೆ. ಏಕೆ ಎಂಬುದನ್ನು ಒಮ್ಮೆ ಇಲ್ಲಿ ಬರೆದು ಮುಗಿಸುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಯಾರೂ ಬೇಸರಪಟ್ಟುಕೊಳ್ಳಬಾರದು.

ರಾಯಚೂರು ಜಿಲ್ಲೆಯ ಅಕ್ಕಿ ಗಿರಣಿಗಳಲ್ಲಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳಲ್ಲಿ ವೇಬ್ರಿಜ್‌ಗಳನ್ನೂ ಅವುಗಳ ಕಂಪ್ಯೂಟರ್ ಸಂಪರ್ಕವನ್ನೂ ಸರಿಪಡಿಸುವುದು ನನ್ನ ಕೆಲಸ. ಒಮ್ಮೊಮ್ಮೆ ತುಂಗಭದ್ರೆಯ ಎಡದಂಡೆ ಕಾಲುವೆಯ ಗುಂಟ ಗಂಗಾವತಿಯವರೆಗೂ ಹೋಗುತ್ತೇನೆ. ವೇಬ್ರಿಜ್ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಹಾಗೆಯೇ ಮೇಲೆ ಹತ್ತಿಸಿ ತೂಗುವ ಕಬ್ಬಿಣದ ಅಥವಾ ಕಾಂಕ್ರೀಟಿನ ವೇದಿಕೆ. ಅದರ ಕೆಳಗೆ ಲೋಡ್‌ಸೆಲ್‌ಗಳಿರುತ್ತವೆ. ಭಾರ ಬಿದ್ದಾಗ ಅವುಗಳಿಂದ ಹೊರಡುವ ಸಣ್ಣ ವಿದ್ಯುತ್ ಸಂಕೇತವನ್ನು ಕೋಣೆಯೊಳಗಿನ ಇಂಡಿಕೇಟರ್ ಕಿಲೋಗ್ರಾಂ ಲೆಕ್ಕಕ್ಕೆ ತಿರುಗಿಸಿ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಅದೇ ಅಂಕಿ ಒಂದು ತಂತಿಯ ಮೂಲಕ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುತ್ತದೆ, ರೈತನ ಕೈಗೆ ತೂಕದ ಚೀಟಿಯಾಗಿ ಬರುತ್ತದೆ.

ಆ ತಂತಿಯ ಹೆಸರು ಆರ್‌ಎಸ್-232. 1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಕ್ರಮ ಅದು. ನಮ್ಮ ಕಡೆಯ ಬಹುಪಾಲು ಇಂಡಿಕೇಟರುಗಳು ಇಂದಿಗೂ ಅದರಲ್ಲೇ ಮಾತನಾಡುತ್ತವೆ, ಸಾಮಾನ್ಯವಾಗಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಕೆಲವು 2400ರಲ್ಲಿ. ಈಗಿನ ದುಬಾರಿ ತೆಳು ಲ್ಯಾಪ್‌ಟಾಪಿನ ಥಂಡರ್‌ಬೋಲ್ಟ್ ಎಂಬ ಅತಿ ವೇಗದ ಕಿಂಡಿ (ತಂತಿ ಸಿಕ್ಕಿಸುವ ಪೋರ್ಟ್) ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸಬಲ್ಲದು. ಅಂದರೆ ಸುಮಾರು ನಲವತ್ತು ಲಕ್ಷ ಪಟ್ಟು ವೇಗ. ಆದರೆ ಒಂದು ಟ್ರ್ಯಾಕ್ಟರ್ ಭತ್ತದ ತೂಕವನ್ನು ಅದು ತಾನಾಗಿ ಓದಲಾರದು. ನಡುವೆ ಒಂದು ಪರಿವರ್ತಕ ಬೇಕು, ಪರಿವರ್ತಕಕ್ಕೆ ಪೆನ್‌ಡ್ರೈವ್ ಸಿಕ್ಕಿಸುವಂಥ ಅಗಲದ ಯುಎಸ್‌ಬಿ-ಎ ಕಿಂಡಿ ಬೇಕು, ಆ ಕಿಂಡಿ ಇಲ್ಲದಿದ್ದರೆ ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಬೇಕು.

ಇದನ್ನು ಹೀಗೆ ಒಣಗಿದ ಮಾತಿನಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ಆದ್ದರಿಂದ ಸಿಂಧನೂರಿನ ಹತ್ತಿರದ ಒಂದು ಗಿರಣಿಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಬೇಸಿಗೆಯ ಬೆಳೆ ಕಟಾವಿಗೆ ಬಂದಿತ್ತು. ಆ ವರ್ಷ ಕಾಲುವೆಯಲ್ಲಿ ನೀರು ಸಿಕ್ಕಿದ್ದರಿಂದ ಎರಡನೆಯ ಬೆಳೆಯೂ ಚೆನ್ನಾಗಿ ಬಂದಿತ್ತು. ಗಿರಣಿಯ ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ನಿಂತಿದ್ದವು. ಹಿಂದಿನ ರಾತ್ರಿ ವಿದ್ಯುತ್ ಏರಿಳಿದು ವೇಬ್ರಿಜ್ ಕೋಣೆಯ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ನಾನು ತಲುಪುವ ಹೊತ್ತಿಗೆ ಮಾಲೀಕರ ಮಗ ತನ್ನ ಹೊಸ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟಿದ್ದ. ತುಂಬ ಚೆಂದದ ಯಂತ್ರ. ಒಂದೇ ಬದಿಗೆ ಎರಡು ಯುಎಸ್‌ಬಿ-ಸಿ ಕಿಂಡಿ, ಹೊಸ ಮೊಬೈಲುಗಳಲ್ಲಿರುವಂಥ ಸಣ್ಣ ಬಾಯಿಯವು, ಇನ್ನೊಂದು ಬದಿ ಖಾಲಿ. “ಇದರಲ್ಲೇ ಸಾಫ್ಟ್‌ವೇರ್ ಹಾಕಿಬಿಡಿ ಸರ್, ಹೊಸ ಕಂಪ್ಯೂಟರ್ ಬರುವವರೆಗೆ ನಡೆಯಲಿ” ಎಂದ. ಹುಡುಗ ಒಳ್ಳೆಯವನು, ಅಪ್ಪನ ಕಷ್ಟಕ್ಕೆ ಓಡಿ ಬಂದಿದ್ದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ.

ಜೋಡಿಸಬೇಕಾದದ್ದು ನಾಲ್ಕು: ಇಂಡಿಕೇಟರಿನ ಪರಿವರ್ತಕ, ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ತೂಕದ ಸಾಫ್ಟ್‌ವೇರಿನ ಯುಎಸ್‌ಬಿ ಬೀಗ, ಮತ್ತು ಚಾರ್ಜರ್. ಬೀಗವೆಂದರೆ ಪೆನ್‌ಡ್ರೈವ್‌ನಂತೆ ಕಾಣುವ ತುಂಡು. ಅದು ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಹುಡುಗನ ಬಳಿ ಒಂದು ಚಿಕ್ಕ ಹಬ್ ಇತ್ತು. ಅದರಲ್ಲಿ ಪರದೆ ಜೋಡಿಸುವ ಒಂದು ಎಚ್‌ಡಿಎಂಐ, ಎರಡು ಯುಎಸ್‌ಬಿ-ಎ. ಹಬ್ ಒಂದು ಕಿಂಡಿಗೆ ಹೋಯಿತು, ಚಾರ್ಜರ್ ಇನ್ನೊಂದಕ್ಕೆ. ಹಬ್‌ನಲ್ಲಿ ಪ್ರಿಂಟರನ್ನೂ ಪರಿವರ್ತಕವನ್ನೂ ಸಿಕ್ಕಿಸಿದೆವು. ಬೀಗಕ್ಕೆ ಜಾಗವಿಲ್ಲ. ಯಾರೋ ಹಮಾಲರೊಬ್ಬರು ಮೊಬೈಲಿಗೆ ಪೆನ್‌ಡ್ರೈವ್ ಹಾಕಲು ಇಟ್ಟುಕೊಂಡಿದ್ದ ಒಂದು ಓಟಿಜಿ ತುಂಡನ್ನು ಜೇಬಿನಿಂದ ತೆಗೆದುಕೊಟ್ಟರು. ಚಾರ್ಜರ್ ಕಿತ್ತು ಅಲ್ಲಿಗೆ ಬೀಗ ಹಾಕಿದೆವು. ಸಾಫ್ಟ್‌ವೇರ್ ತೆರೆಯಿತು, ತೂಕ ಬಂತು, ಚೀಟಿ ಬಂತು. ಹೊರಗೆ ನಿಂತವರು ನಿಟ್ಟುಸಿರು ಬಿಟ್ಟರು.

ಅರ್ಧ ಗಂಟೆಯೊಳಗೆ ಹಬ್ ಮುಟ್ಟಲಾಗದಷ್ಟು ಕಾದು ಪರಿವರ್ತಕ ಸಂಪರ್ಕ ಕಳೆದುಕೊಂಡಿತು. ಕಿತ್ತು ಪ್ರಿಂಟರಿದ್ದ ಕಡೆಗೆ ಬದಲಿಸಿ ಹಾಕಿದರೆ ವಿಂಡೋಸ್ ಅದಕ್ಕೆ ಬೇರೆ ಕಾಮ್ ಸಂಖ್ಯೆ, ಅಂದರೆ ಆ ಸಂಪರ್ಕದ ವಿಳಾಸ, ಕೊಟ್ಟಿತು. ಸಾಫ್ಟ್‌ವೇರ್ ಹುಡುಕುತ್ತಿರುವುದು ಕಾಮ್ 3, ತೂಕ ಬರುತ್ತಿರುವುದು ಕಾಮ್ 5ರಲ್ಲಿ. ಅದನ್ನು ಸರಿಪಡಿಸುವ ಹೊತ್ತಿಗೆ ಬ್ಯಾಟರಿ ಕೆಳಗಿಳಿದಿತ್ತು. ಚಾರ್ಜರ್ ಹಾಕಬೇಕೆಂದರೆ ಬೀಗ ತೆಗೆಯಬೇಕು, ಬೀಗ ತೆಗೆದರೆ ಸಾಫ್ಟ್‌ವೇರ್ ಮುಚ್ಚುತ್ತದೆ. ಗುಮಾಸ್ತರು ಕೈಬರಹದಲ್ಲಿ ಚೀಟಿ ಬರೆಯಲು ಶುರುಮಾಡಿದರು. ಆಗ ಹೊರಗೆ ಗದ್ದಲ ಎದ್ದಿತು.

ಅದನ್ನು ಗದ್ದಲ ಎಂದು ಕರೆಯುವುದೂ ತಪ್ಪು. ಆರು ತಿಂಗಳು ಬೆವರು ಸುರಿಸಿ ಬೆಳೆದ ಭತ್ತ ಆ ಟ್ರೇಲರಿನಲ್ಲಿದೆ. ಮುದ್ರಿತ ಚೀಟಿಯಲ್ಲಿ ಒಟ್ಟು ತೂಕ, ಖಾಲಿ ಗಾಡಿಯ ತೂಕ, ಎರಡರ ವ್ಯತ್ಯಾಸ, ಹೊತ್ತು, ಗಾಡಿಯ ಸಂಖ್ಯೆ ಎಲ್ಲವೂ ಇರುತ್ತವೆ. ಕೈಬರಹದ ಚೀಟಿಯಲ್ಲಿ ಗುಮಾಸ್ತರ ಮಾತು ಮಾತ್ರ ಇರುತ್ತದೆ. “ಮಷಿನ್ ಚೀಟಿ ಕೊಡಿ, ಇಲ್ಲದಿದ್ದರೆ ಗಾಡಿ ಇಳಿಸುವುದಿಲ್ಲ” ಎಂದು ರೈತರು ನಿಂತರೆ ಅವರು ಕೇಳುತ್ತಿರುವುದು ನ್ಯಾಯವನ್ನೇ. ತೂಕದಲ್ಲಿ ಮೋಸವಾದೀತೆಂಬ ಭಯ ನಮ್ಮ ಕಡೆ ಇಂದು ನಿನ್ನೆಯದಲ್ಲ. ವೇಬ್ರಿಜ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುವುದು ಆ ಭಯಕ್ಕೆ ಉತ್ತರವಾಗಿಯೇ.

ನಾನು ನನ್ನ ಲ್ಯಾಪ್‌ಟಾಪ್ ತೆಗೆದೆ. ಮೂರು ಯುಎಸ್‌ಬಿ-ಎ ಕಿಂಡಿಗಳಿಗೆ ಮೂರು ವಸ್ತು, ಚಾರ್ಜರಿಗೆ ಅದರದೇ ಕಿಂಡಿ, ಹಬ್ ಇಲ್ಲ, ಓಟಿಜಿ ಇಲ್ಲ. ಸಾಫ್ಟ್‌ವೇರ್ ಮೊದಲೇ ಅದರಲ್ಲಿತ್ತು. ಕೂಡಲೇ ಚೀಟಿ ಬರತೊಡಗಿತು. ಕತ್ತಲಾಗುವವರೆಗೆ ಅದು ಅಲ್ಲಿಯೇ ತೂಕ ಬರೆಯುತ್ತ ಕೂತಿತ್ತು. ಕೊನೆಯ ಟ್ರ್ಯಾಕ್ಟರ್ ಹೋದ ಮೇಲೆ, ಎಲ್ಲರಿಗೂ ಚಹಾ ಬಂದಾಗ, ಆ ಹುಡುಗ ನನ್ನ ಯಂತ್ರವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ ಕೇಳಿದ: “ಸರ್, ನೀವೇಕೆ ಇಷ್ಟು ದಪ್ಪ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೀರಿ?”

ಇಡೀ ಮಧ್ಯಾಹ್ನ ಉತ್ತರವನ್ನು ಕಣ್ಣಾರೆ ನೋಡಿದವನು ಅವನು! ನನಗೆ ನಗು ಬಂತು, ಸಿಟ್ಟೂ ಬಂತು. ಕೊನೆಗೆ ಚಹಾ ಕುಡಿದು ಎದ್ದೆ.

ಇದಕ್ಕೆ ಬರುವ ವಾದಗಳು ನನಗೆ ಬಾಯಿಪಾಠವಾಗಿವೆ. ಮೊದಲನೆಯದು: ಒಳ್ಳೆಯ ಹಬ್ ಕೊಂಡರೆ ಆಯಿತಲ್ಲ? ಆಯಿತು, ಕೊಳ್ಳಿ. ಒಳ್ಳೆಯದಕ್ಕೆ ಸಾವಿರಗಳ ಲೆಕ್ಕದಲ್ಲಿ ಕೊಡಬೇಕು. ಲ್ಯಾಪ್‌ಟಾಪ್ ಕಂಪನಿ ತೆಗೆದುಹಾಕಿದ ಕಿಂಡಿಗಳಿಗೆ ನೀವು ಮತ್ತೆ ಹಣ ಕೊಡುತ್ತಿದ್ದೀರಿ ಎಂಬುದು ನೆನಪಿರಲಿ. ಚಾರ್ಜರನ್ನು ಹಬ್‌ನ ಮೂಲಕ ಹಾಯಿಸಿದರೆ ಹಬ್ ತನ್ನ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಮಾತ್ರ ಲ್ಯಾಪ್‌ಟಾಪಿಗೆ ಬಿಡುತ್ತದೆ. ಅಗ್ಗದ ಹಬ್‌ಗಳ ಎಚ್‌ಡಿಎಂಐ 4ಕೆ ಪರದೆಗೆ ಸೆಕೆಂಡಿಗೆ 30 ಚಿತ್ರಗಳಿಗೆ ನಿಲ್ಲುತ್ತದೆ, ಮೌಸ್ ಎಳೆದಾಗ ಕಣ್ಣಿಗೆ ಗೊತ್ತಾಗುತ್ತದೆ. ಯುಎಸ್‌ಬಿ 3 ಹಬ್‌ನ ಪಕ್ಕದಲ್ಲಿ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸನ್ನು ಬೈಯಬೇಡಿ. ಯುಎಸ್‌ಬಿ 3 ಸಾಧನಗಳು ಅಂಥ ಮೌಸ್‌ಗಳು ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ತಾನೇ 2012ರಲ್ಲಿ ಬರೆದಿಟ್ಟಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಬ್ ಎಂಬುದು ಮನೆಯಲ್ಲಿ ಮರೆತು ಬರುವ ವಸ್ತು. ಕಿಂಡಿಯನ್ನು ಯಾರೂ ಮನೆಯಲ್ಲಿ ಮರೆತು ಬರಲಾರರು.

ಪರಿವರ್ತಕಗಳ ವಿಷಯ ಬಂದರೆ ನನ್ನ ದಪ್ಪ ಲ್ಯಾಪ್‌ಟಾಪಿನಲ್ಲೂ ಆ ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಕಿಂಡಿ ಇಲ್ಲ. ಅದು ಸಾಮಾನ್ಯ ಲ್ಯಾಪ್‌ಟಾಪ್‌ಗಳಿಂದ ಮಾಯವಾಗಿ ಬಹಳ ಕಾಲವಾಯಿತು, ಅದಕ್ಕಾಗಿ ನಾನು ಅತ್ತಿಲ್ಲ. ನಾನು ಹೇಳುವುದು ಇಷ್ಟೇ: ಒಂದು ಜೋಡಣೆಯ ಮೇಲೆ ಇನ್ನೊಂದು ಜೋಡಣೆ ಹೇರಿದಷ್ಟೂ ಕೈಕೊಡುವ ಜಾಗಗಳು ಹೆಚ್ಚುತ್ತವೆ. ಪರಿವರ್ತಕದೊಳಗಿನ ಚಿಪ್‌ನ ಕಥೆಯೇ ಸಾಕು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಎಂಬ ಸ್ಕಾಟ್ಲೆಂಡಿನ ಚಿಪ್ ಕಂಪನಿಯ ಹೊಸ ಡ್ರೈವರ್ (ಚಿಪ್ ಜೊತೆ ಕಂಪ್ಯೂಟರ್ ಮಾತನಾಡಲು ಬೇಕಾದ ಸಾಫ್ಟ್‌ವೇರ್) ವಿಂಡೋಸ್ ಅಪ್‌ಡೇಟ್ ಜೊತೆಗೆ ಬಂದಾಗ, ತನ್ನ ಹೆಸರಿನಲ್ಲಿ ತಯಾರಾದ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಅದು ಸೊನ್ನೆ ಮಾಡಿಬಿಟ್ಟಿತು. ಹಿಂದಿನ ದಿನ ದುಡಿಯುತ್ತಿದ್ದ ಪರಿವರ್ತಕಗಳನ್ನು ಮರುದಿನ ಕಂಪ್ಯೂಟರ್ ಗುರುತಿಸಲೇ ಇಲ್ಲ. ಜಗತ್ತಿನ ತುಂಬ ಆಕ್ಷೇಪ ಎದ್ದು ಆ ಡ್ರೈವರನ್ನು ಹಿಂತೆಗೆಯಬೇಕಾಯಿತು. ಕೊಂಡವರಿಗೆ ಅದು ನಕಲಿ ಎಂಬುದು ಗೊತ್ತಿತ್ತೇ? ಅಂಗಡಿಯಲ್ಲಿ ಪೊಟ್ಟಣ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಇಂಥ ಒಂದು ಅಪಾಯವನ್ನು ನಾನು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಬೇರೆ ದಾರಿಯಿಲ್ಲ. ಅದರ ಮೇಲೆ ಹಬ್ ಎಂಬ ಎರಡನೆಯ ಅಪಾಯವನ್ನು ನನ್ನ ಹಣ ಕೊಟ್ಟು ಏಕೆ ತಂದುಕೊಳ್ಳಲಿ?

ಎರಡನೆಯ ವಾದ: ಜಗತ್ತೇ ಆ ಕಡೆ ಹೋಗುತ್ತಿದೆ, ನೀವೊಬ್ಬರೇ ಹಿಂದೆ ಉಳಿಯುತ್ತೀರಿ. ಈ ಮಾತಿಗೆ ನನ್ನಲ್ಲಿ ಖಚಿತ ಉತ್ತರವಿದೆ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಚೇರಿಯ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಅನ್ನು ಹೊರತೆಗೆದಾಗ ಈ ತೆಳುವಿನ ಹುಚ್ಚು ದೊಡ್ಡದಾಗಿ ಶುರುವಾಯಿತು. ಅದರಲ್ಲಿ ಇದ್ದದ್ದು ಒಂದೇ ಒಂದು ಯುಎಸ್‌ಬಿ ಕಿಂಡಿ. ನೆಟ್‌ವರ್ಕ್ ತಂತಿಗೆ ಬೇಕಾದ ಲ್ಯಾನ್ ಕಿಂಡಿ ಇಲ್ಲ, ಸಿಡಿ ಇಲ್ಲ. 2011ರಲ್ಲಿ ಇಂಟೆಲ್ ಅಲ್ಟ್ರಾಬುಕ್ ಎಂಬ ಹೆಸರು ಕೊಟ್ಟು ಉಳಿದ ಕಂಪನಿಗಳನ್ನೂ ಅದೇ ದಾರಿಗೆ ಎಳೆಯಿತು. 2015ರಲ್ಲಿ ಬಂದ 12 ಇಂಚಿನ ಮ್ಯಾಕ್‌ಬುಕ್‌ಗೆ 13.1 ಮಿಲಿಮೀಟರ್ ದಪ್ಪ, ಫ್ಯಾನ್ ಇಲ್ಲ, ಮತ್ತು ಹೆಡ್‌ಫೋನ್ ಬಿಟ್ಟರೆ ಒಂದೇ ಒಂದು ಯುಎಸ್‌ಬಿ-ಸಿ ಕಿಂಡಿ. ಚಾರ್ಜ್ ಮಾಡುವಾಗ ಪೆನ್‌ಡ್ರೈವ್ ಇಲ್ಲ, ಪೆನ್‌ಡ್ರೈವ್ ಹಾಕಿದಾಗ ಚಾರ್ಜ್ ಇಲ್ಲ. 2019ರಲ್ಲಿ ಅದನ್ನು ಮಾರುವುದನ್ನೇ ನಿಲ್ಲಿಸಿದರು. 2016ರಲ್ಲಿ ಕಸುಬುದಾರರಿಗೆಂದೇ ಮಾರುವ ಮ್ಯಾಕ್‌ಬುಕ್ ಪ್ರೊನಿಂದಲೂ ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಅಯಸ್ಕಾಂತದ ಚಾರ್ಜರ್ ಎಲ್ಲವನ್ನೂ ಕಿತ್ತರು. ಐದು ವರ್ಷ ಛಾಯಾಗ್ರಾಹಕರು, ಚಿತ್ರ ಸಂಕಲನಕಾರರು ತುಂಡು ತುಂಡು ಪರಿವರ್ತಕಗಳನ್ನು ಹೊತ್ತು ತಿರುಗಿದರು. 2021ರ ಅಕ್ಟೋಬರಿನಲ್ಲಿ ಅದೇ ಆಪಲ್ ಆ ಮೂರನ್ನೂ ವಾಪಸು ತಂದಿತು. ಯಂತ್ರವೂ ತುಸು ದಪ್ಪವಾಯಿತು. ಜಗತ್ತು ಒಂದು ಕಡೆಗೆ ಹೋಗಿತ್ತು, ಹೋಗಿ ತಿರುಗಿ ಬಂದಿದೆ. ರಾಯಚೂರಿನಲ್ಲಿ ಕೂತ ನಾನು ಎಲ್ಲಿಗೂ ಹೋಗದೆ ಇದ್ದಲ್ಲಿಯೇ ಇದ್ದೆ.

ಯುಎಸ್‌ಬಿ-ಸಿ ಮೇಲೆ ನನಗೆ ದ್ವೇಷವಿದೆ ಎಂದು ತಿಳಿಯಬೇಡಿ. ಅದು ನಿಜಕ್ಕೂ ಒಳ್ಳೆಯ ಕಿಂಡಿ. ಹೇಗೆ ತಿರುಗಿಸಿ ಹಾಕಿದರೂ ಹೋಗುತ್ತದೆ. ಸಾಮಾನ್ಯ ಯುಎಸ್‌ಬಿ-ಎ ಕಿಂಡಿಗೆ 1,500 ಸಲ ಹಾಕಿ ತೆಗೆಯುವ ಬಾಳಿಕೆಯನ್ನು ನಿಗದಿಪಡಿಸಿದ್ದರೆ ಇದಕ್ಕೆ 10,000. ಮೊಬೈಲಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್ ಎಂಬುದು ಸಣ್ಣ ಉಪಕಾರವಲ್ಲ. ಯುರೋಪಿನವರು ಅದನ್ನು ಕಾನೂನನ್ನೇ ಮಾಡಿ 2024ರ ಡಿಸೆಂಬರಿನಿಂದ ಮೊಬೈಲ್‌ಗಳಿಗೂ 2026ರ ಏಪ್ರಿಲ್‌ನಿಂದ ಲ್ಯಾಪ್‌ಟಾಪ್‌ಗಳಿಗೂ ಅನ್ವಯಿಸಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಇದೆ, ಬಳಸುತ್ತೇನೆ. ನನ್ನ ತಕರಾರು ಸಂಖ್ಯೆಯ ಬಗ್ಗೆ. ವಿದ್ಯುತ್ತು, ಪರದೆ, ಕಡತ, ಮುದ್ರಣ ಎಲ್ಲವನ್ನೂ ಎರಡೇ ಕಿಂಡಿಗಳ ಮೇಲೆ ಹೊರಿಸಿದರೆ, ಅವುಗಳಲ್ಲಿ ಒಂದು ಸಡಿಲವಾದ ದಿನ ಅರ್ಧ ಕಂಪ್ಯೂಟರ್ ಸತ್ತಂತೆ. ಗಿರಣಿಯ ಗಾಳಿಯಲ್ಲಿ ತೌಡಿನ ಪುಡಿ, ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ನವಿರು ಎಳೆ. ಎರಡೂ ಆ ಸಣ್ಣ ಬಾಯಿಯೊಳಗೆ, ನಡುವಿನ ನಾಲಿಗೆಯ ಸುತ್ತ ಒತ್ತಿ ಕೂರುತ್ತವೆ. ಚಾರ್ಜರ್ ತುದಿ ಪೂರ್ತಿ ಒಳಗೆ ಹೋಗುವುದಿಲ್ಲ. ಬಹಳಷ್ಟು ತೆಳು ಯಂತ್ರಗಳಲ್ಲಿ ಆ ಕಿಂಡಿಯನ್ನು ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆಗೇ ಬೆಸೆದಿರುತ್ತಾರೆ. ಹಳೆಯ ಕಾಲದ ದುಂಡನೆಯ ಚಾರ್ಜರ್ ಕಿಂಡಿ ಹಾಳಾದರೆ ಚಿಕ್ಕ ತಂತಿಯೊಂದಿಗೆ ಅದೊಂದನ್ನೇ ಬದಲಿಸುತ್ತಿದ್ದೆವು.

ಇನ್ನೊಂದು ತೊಡಕು: ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ನೋಡಲು ಒಂದೇ, ಕೆಲಸದಲ್ಲಿ ಒಂದೇ ಅಲ್ಲ. ಒಂದು 40 ಗಿಗಾಬಿಟ್ ಸಾಗಿಸಿದರೆ ಇನ್ನೊಂದು 480 ಮೆಗಾಬಿಟ್‌ನ ಹಳೆಯ ವೇಗದಲ್ಲೇ ಉಳಿದಿರುತ್ತದೆ. ಒಂದು ಪರದೆಗೆ ಚಿತ್ರ ಕಳುಹಿಸುತ್ತದೆ, ಪಕ್ಕದ್ದು ಕಳುಹಿಸುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಕಿಂಡಿಯಲ್ಲಿ ಮಾತ್ರ ಚಾರ್ಜ್ ಆಗುತ್ತದೆ. ಅಂಗಡಿಯವರು ಇದನ್ನು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಸೆಖೆಯ ಮಾತಿಗೆ ಬರುತ್ತೇನೆ. ಇಲ್ಲಿ ನನ್ನ ಧ್ವನಿ ಏರುವುದು ಸಹಜ. ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಜಾಗದಲ್ಲಿ ಬಳಸಿ ಎಂದು ತಾನೇ ಹೇಳುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬೇಸಿಗೆ ಕಳೆದ ಯಾರನ್ನಾದರೂ ಕೇಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ 40 ದಾಟುತ್ತದೆ. ತಗಡಿನ ಸೂರಿನ ವೇಬ್ರಿಜ್ ಕೋಣೆಯಲ್ಲಿ ಎಷ್ಟಿರುತ್ತದೆ ಎಂದು ಬೇರೆ ಹೇಳಬೇಕೇ? ಲ್ಯಾಪ್‌ಟಾಪ್ ತೆಳ್ಳಗಾದಷ್ಟೂ ಬಿಸಿಗಾಳಿ ಹರಿಯುವ ಜಾಗ, ತಾಮ್ರದ ಕೊಳವೆ, ಫ್ಯಾನ್ ಎಲ್ಲವೂ ಕುಗ್ಗುತ್ತವೆ. ಫ್ಯಾನೇ ಇಲ್ಲದ ಯಂತ್ರ ತಣ್ಣನೆಯ ಕಚೇರಿಯಲ್ಲಿ ಸದ್ದಿಲ್ಲದೆ ಓಡುತ್ತದೆ, ಅದು ಸುಖವೇ. ಇಲ್ಲಿ ಅದು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಕಾವಿನಲ್ಲಿ ಲಿಥಿಯಂ ಬ್ಯಾಟರಿಯ ಆಯುಷ್ಯವೂ ಇಳಿಯುತ್ತದೆ. ಉಬ್ಬಿದ ಬ್ಯಾಟರಿ ಟಚ್‌ಪ್ಯಾಡನ್ನು ಮೇಲಕ್ಕೆ ಎತ್ತಿರುವ ತೆಳು ಲ್ಯಾಪ್‌ಟಾಪ್‌ಗಳನ್ನು ಪ್ರತಿ ಬೇಸಿಗೆಯ ನಂತರ ನನ್ನ ಮೇಜಿನ ಮೇಲೆ ತಂದಿಡುತ್ತಾರೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಲ್ಯಾಪ್‌ಟಾಪ್ ಬಳಸುವವರ ಕೆಲಸವನ್ನು ಒಮ್ಮೆ ನೋಡಿ. ಆಧಾರ್ ನೋಂದಣಿಯವರಿಗೆ ಬೆರಳಚ್ಚಿನ ಸ್ಕ್ಯಾನರ್, ಕಣ್ಣಿನ ಪಾಪೆಯ ಸ್ಕ್ಯಾನರ್, ಕ್ಯಾಮೆರಾ, ಜಿಪಿಎಸ್, ಪ್ರಿಂಟರ್, ನೋಂದಣಿಗೆ ಬಂದವರು ತಮ್ಮ ವಿವರ ನೋಡಲು ಎರಡನೆಯ ಪರದೆ, ಎಲ್ಲವೂ ಒಂದೇ ಲ್ಯಾಪ್‌ಟಾಪಿಗೆ ಸೇರಬೇಕು. ಬಳ್ಳಾರಿಯಲ್ಲಿ ಟೆಂಡರ್ ಹಾಕುವ ಗುತ್ತಿಗೆದಾರರಿಗೆ, ಕಂಪನಿಗಳ ಜಿಎಸ್‌ಟಿ ಸಲ್ಲಿಸುವ ಲೆಕ್ಕಿಗರಿಗೆ ಡಿಜಿಟಲ್ ಸಹಿಯ ಟೋಕನ್ ಇಲ್ಲದೆ ಕೆಲಸ ಮುಂದೆ ಹೋಗದು. ಅದು ಯುಎಸ್‌ಬಿ-ಎ ತುಂಡು. ಕೊನೆಯ ದಿನಾಂಕದ ಸಂಜೆ ಆ ಟೋಕನ್ ಹಿಡಿದು ಅದನ್ನು ಸಿಕ್ಕಿಸಲು ಜಾಗವಿಲ್ಲದ ಲ್ಯಾಪ್‌ಟಾಪ್ ಮುಂದೆ ಕೂತವರು ನನಗೆ ಫೋನ್ ಮಾಡಿದ್ದಾರೆ. ಕಾಲೇಜುಗಳ ಸಭಾಂಗಣದ ಪ್ರೊಜೆಕ್ಟರಿನಿಂದ ಇನ್ನೂ ನೀಲಿ ತುದಿಯ ವಿಜಿಎ ತಂತಿ ತೂಗಾಡುತ್ತಿರುತ್ತದೆ. 1987ರಲ್ಲಿ ಐಬಿಎಂ ತಂದದ್ದು ಅದು. ಇವರಿಗೆಲ್ಲ “ಎಲ್ಲವೂ ಕ್ಲೌಡ್‌ನಲ್ಲಿ ಇರುವಾಗ ಕಿಂಡಿ ಏಕೆ” ಎಂದು ಹೇಳುವವರು ಒಂದು ದಿನ ಬಂದು ಇವರ ಕುರ್ಚಿಯಲ್ಲಿ ಕೂರಲಿ. ಬೆರಳಚ್ಚು ಕ್ಲೌಡ್‌ಗೆ ಹೋಗುವ ಮುನ್ನ ಒಂದು ಕಿಂಡಿಯ ಮೂಲಕ ಒಳಗೆ ಬರಬೇಕು.

ಕಿಂಡಿಗಳನ್ನು ಕಿತ್ತದ್ದಕ್ಕೆ ಕೊಡುವ ಕಾರಣ ಪೂರ್ತಿ ಸುಳ್ಳಲ್ಲ. ಲ್ಯಾನ್ ತಂತಿಯ ಕಿಂಡಿ ಒಂದು ಸೆಂಟಿಮೀಟರಿಗಿಂತ ಎತ್ತರ. ಯುಎಸ್‌ಬಿ-ಎ ತುದಿ 4.5 ಮಿಲಿಮೀಟರ್. ಯುಎಸ್‌ಬಿ-ಸಿ ಬಾಯಿ 3 ಮಿಲಿಮೀಟರಿಗೂ ಕಡಿಮೆ. ಅಂಚನ್ನು ಕತ್ತಿಯಂತೆ ಇಳಿಸಿದರೆ ದೊಡ್ಡ ಕಿಂಡಿಗಳಿಗೆ ಅಲ್ಲಿ ಜಾಗ ಸಿಗುವುದಿಲ್ಲ, ಒಪ್ಪಿದೆ. ಆದರೆ ಅಂಚನ್ನು ಹಾಗೆ ಇಳಿಸಿ ಎಂದು ಯಾರು ಕೇಳಿದ್ದರು? ಕೆಳಗಿನ ದವಡೆಯನ್ನು ತುಸು ತೆರೆದು ಲ್ಯಾನ್ ತಂತಿ ಹಿಡಿಯುವ ಮಡಚುವ ಕಿಂಡಿಯನ್ನು ಹಲವು ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಕೊಟ್ಟಿವೆ. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪನಿ ಸುಮಾರು 16 ಮಿಲಿಮೀಟರ್ ದಪ್ಪದ ಲ್ಯಾಪ್‌ಟಾಪ್ ತಂದಿತು. ಅದರಲ್ಲಿ ನಾಲ್ಕು ಗೂಡುಗಳು. ನಿಮಗೆ ಬೇಕಾದ ಕಿಂಡಿಯನ್ನು ನೀವೇ ಸಿಕ್ಕಿಸಿಕೊಳ್ಳಬಹುದು: ಇವತ್ತು ಎಚ್‌ಡಿಎಂಐ, ನಾಳೆ ಯುಎಸ್‌ಬಿ-ಎ. ರಾಯಚೂರಿನ ಅಂಗಡಿಗಳಲ್ಲಿ ನಾನು ಅದನ್ನು ಕಂಡಿಲ್ಲ. ಆದರೆ ತೆಳ್ಳಗಿದ್ದೂ ಕಿಂಡಿಗಳನ್ನು ಕೊಡಬಹುದು ಎಂಬುದಕ್ಕೆ ಅದು ಸಾಕ್ಷಿ. ಮನಸ್ಸು ಮಾಡಬೇಕು, ಅಷ್ಟೇ.

ಇಷ್ಟು ಹೊತ್ತು ಕಿಂಡಿಗಳ ಬಗ್ಗೆ ಮಾತನಾಡಿದೆ, ಏಕೆಂದರೆ ಕೇಳುವವರ ಕಣ್ಣು ಲ್ಯಾಪ್‌ಟಾಪಿನ ಹೊರಮೈಯಲ್ಲೇ ಇರುತ್ತದೆ. ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ: ಇದು ಕೆಟ್ಟರೆ ನಮ್ಮೂರಿನಲ್ಲಿ ಯಾರು ಬಿಚ್ಚಿ ಸರಿಮಾಡುತ್ತಾರೆ?

ತೆಳುವಿಗಾಗಿ ಕಂಪನಿಗಳು ಹೊರಗಿನ ಕಿಂಡಿಗಳ ಜೊತೆಗೆ ಒಳಗಿನ ಸ್ಲಾಟುಗಳನ್ನೂ ತೆಗೆದಿವೆ. ಬಹುತೇಕ ತೆಳು ಯಂತ್ರಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. 8 ಜಿಬಿ ಕೊಂಡರೆ ಅದು ಸಾಯುವವರೆಗೆ 8 ಜಿಬಿಯೇ. ಕೆಲವುಗಳಲ್ಲಿ ಸಂಗ್ರಹದ ಚಿಪ್‌ಗಳೂ ಬೆಸೆದವೇ; ಬೋರ್ಡು ಸತ್ತರೆ ಮಗುವಿನ ಫೋಟೊಗಳೂ ಅಂಗಡಿಯ ಲೆಕ್ಕಪತ್ರವೂ ಅದರೊಳಗೆ ಸಿಕ್ಕಿಬೀಳುತ್ತವೆ. ಬ್ಯಾಟರಿಗೆ ಅಂಟು. ಈ ಕಷ್ಟ ಬೆಂಗಳೂರಿನವರಿಗಿಂತ ನಮಗೆ ಹೆಚ್ಚು. ಅವರಿಗೆ ಕಂಪನಿಯ ಸೇವಾ ಕೇಂದ್ರ ಮೆಟ್ರೋದಲ್ಲಿ ಹೋಗಿ ಬರುವಷ್ಟು ದೂರ. ಕುಷ್ಟಗಿಯವರೋ ಲಿಂಗಸುಗೂರಿನವರೋ ಒಂದು ಬ್ಯಾಟರಿಗಾಗಿ ಯಂತ್ರವನ್ನು ಕೊರಿಯರ್ ಮಾಡಿ ವಾರಗಟ್ಟಲೆ ಕೈ ಖಾಲಿ ಇಟ್ಟುಕೊಳ್ಳಬೇಕು. ನಮ್ಮ ಊರುಗಳಲ್ಲಿ ರಿಪೇರಿ ಮಾಡುವ ಕೈಗಳಿಗೆ ಕೊರತೆಯಿಲ್ಲ, ಜಾಣ ಹುಡುಗರಿದ್ದಾರೆ. ಸ್ಕ್ರೂ ಇದ್ದರೆ ಬಿಚ್ಚುತ್ತಾರೆ, ಭಾಗ ಸಿಕ್ಕರೆ ಹಾಕುತ್ತಾರೆ. ಬದಲಿಸಬಹುದಾದ ಭಾಗವನ್ನೇ ಇಡದ ಯಂತ್ರದ ಮುಂದೆ ಅವರ ಜಾಣತನಕ್ಕೆ ಕೆಲಸವಿಲ್ಲ. ಇದು ನನಗೆ ನೋವಿನ ವಿಷಯ, ಏಕೆಂದರೆ ಅವರಲ್ಲಿ ಕೆಲವರಿಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವನು ನಾನು.

ತೆಳು ಲ್ಯಾಪ್‌ಟಾಪ್ ಯಾರಿಗೂ ಬೇಡ ಎಂದು ನಾನು ಹೇಳುವುದಿಲ್ಲ. ದಿನವೂ ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ ಬರುವವರಿಗೆ, ಬೆನ್ನು ನೋವಿರುವವರಿಗೆ, ಬರೆಯುವುದು ಓದುವುದಷ್ಟೇ ಕೆಲಸವಾಗಿರುವವರಿಗೆ ಅದು ವರ. ಮಾನ್ವಿಯಲ್ಲಿ ಪಾಠ ಮಾಡುವ ನನ್ನ ಅಕ್ಕ ರಾಯಚೂರಿನಿಂದ ದಿನವೂ ಹೋಗಿ ಬರುತ್ತಾಳೆ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಅವಳಿಗೆ ತೆಳ್ಳಗಿನದನ್ನೇ ನೋಡು ಎಂದೆ, ಜೊತೆಗೆ ಅಂಗಡಿಗೂ ಹೋದೆ. ಒಂದು ಬಹಳ ಇಷ್ಟವಾಯಿತು. ಹಣ ಕೊಡುವ ಮುನ್ನ, ನಾನು ಬಾಯಿ ತೆರೆಯುವುದಕ್ಕೂ ಮೊದಲು, ಅವಳೇ ಅಂಗಡಿಯವನನ್ನು ಕೇಳಿದಳು: “ಮೂರು ವರ್ಷದ ಮೇಲೆ ಬ್ಯಾಟರಿ ಹೋದರೆ ನೀವೇ ಹಾಕಿಕೊಡುತ್ತೀರಾ?” ಅವನು ಯಾರಿಗೋ ಫೋನ್ ಮಾಡಿದ. ಆ ಮಾದರಿಯನ್ನು ಹೊರಗೆ ಕಳುಹಿಸಬೇಕಾಗುತ್ತದೆ, ಇಲ್ಲಿ ಆಗುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಇಲ್ಲಿಯೇ ಆಗುವಂಥದ್ದು ಯಾವುದಿದೆ ಎಂದಳು. ಅವನು ಪ್ರದರ್ಶನಕ್ಕೆ ಇಟ್ಟಿದ್ದ ಇನ್ನೊಂದನ್ನು ತಂದು, ಕೆಳಗಿನ ಮುಚ್ಚಳ ಬಿಚ್ಚಿ ತೋರಿಸಿದ. ಸ್ಕ್ರೂ ಹಾಕಿದ ಬ್ಯಾಟರಿ, ಪಕ್ಕದಲ್ಲಿ ಖಾಲಿ ರ‍್ಯಾಮ್ ಸ್ಲಾಟ್, ಬದಿಗಳಲ್ಲಿ ಎರಡು ಯುಎಸ್‌ಬಿ-ಎ, ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ-ಸಿ. ತೂಕ ಮೊದಲಿನದಕ್ಕಿಂತ ತುಸು ಹೆಚ್ಚು. ಎರಡನ್ನೂ ಒಂದೊಂದಾಗಿ ತನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಇಟ್ಟು, ಹೆಗಲಿಗೆ ಹಾಕಿ, ಅಂಗಡಿಯ ಉದ್ದಕ್ಕೂ ನಡೆದು ನೋಡಿದಳು. ಎರಡನೆಯದನ್ನು ಕೊಂಡಳು. ಕಳೆದ ದಸರಾ ರಜೆಯಲ್ಲಿ ಆ ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿಕೊಟ್ಟೆ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.